ಬೂದು ಪೊರೆಯ ಚೌಕ

“ಆ ಚಾಕು ಕೆಳಗಿಡು ಮಾರಾಯ್ತಿ. ಮೊದಲು ಇದೇನು ಹೇಳು.”

ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದ ಐಲ್ಸಳ ಮೂಗಿನೆದುರು ನೊರೀನ್ ಒಂದು ಫೋಟೊ ಹಿಡಿದಳು. ಚರ್ಚಿನ ಅಡುಗೆಮನೆಯ ಆಚೆ, ನೊರೀನಳ ಗಂಡ ಮರ್ವಿನನ ಶವಪೆಟ್ಟಿಗೆಯ ಸುತ್ತ ಜನ ಸೇರುತ್ತಿದ್ದರು.

“ನಿನ್ನ ಕೆಲಸ ಖಾಯಂ ಆದ ವಾರ ಇವರು ಫ್ರಿಜ್ಜಿಗೆ ಅಂಟಿಸಿದ್ದು. ಹದಿನೆಂಟು ವರ್ಷ! ಏನ್ರೀ ಇದು ಅಂದ್ರೆ ನಗೋರು, ಬಾಯಿ ಬಿಟ್ಟಿದ್ದರೆ ಕೇಳು.”

ಫೋಟೊದಲ್ಲಿ ತೆಳ್ಳನೆಯ ಬೂದು ಪ್ಲಾಸ್ಟಿಕ್ ಪೊರೆ. ನಡುವೆ ಬಲು ಮಸುಕಾದ ಪುಟ್ಟ ಚೌಕ. ಹಿಂಬದಿಯಲ್ಲಿ ಮರ್ವಿನನ ಅಕ್ಷರ: ‘ನಾನು ಮುಟ್ಟುವ ಮುಂಚೆ.’

ಐಲ್ಸ ಚಾಕು ಕೆಳಗಿಟ್ಟಳು. ಪ್ರಯೋಗಾಲಯದಲ್ಲಿ ಮರ್ವಿನನ ಎಲೆಕ್ಟ್ರಾನ್ ಕಿರಣ ಸುಟ್ಟರೆ ಕಲೆ ದುಂಡಗಿರುತ್ತದೆ. ಸಾಲುಸಾಲಾಗಿ ಸರಿಯುವ ಎಕ್ಸ್‌-ರೇ ಸುಟ್ಟರೆ ಚೌಕ. ಎಕ್ಸ್‌-ರೇ ಯಂತ್ರ ಅವಳದು.

* * *

ಆಗ ಅವಳಿಗಿದ್ದದ್ದು ಆರು ತಿಂಗಳ ಕರಾರಿನ ಕೆಲಸ. ಕಿರಣ ತಾಗಿದರೆ ಸಾಕು ಕೆಡುವ ಪ್ಲಾಸ್ಟಿಕ್ಕನ್ನು ಹೆಚ್ಚು ಕೆಡಿಸದೆ ಓದುವುದು ಯಾವುದು, ಎಕ್ಸ್‌-ರೇಯೋ ಎಲೆಕ್ಟ್ರಾನೋ? ಇಬ್ಬರಿಗೂ ಒಂದೇ ಚೂರು. ಮೊದಲು ಅವಳು, ಆಮೇಲೆ ಅವನು. ಅವನ ಪಾಲಿನ ಮೂಲೆಯನ್ನು ಅವಳು ಮುಟ್ಟಕೂಡದು. ಒಮ್ಮೆ ನೋಡಿದ ಜಾಗ ಎಂಜಲಾದಂತೆ.

ಆದರೆ ತನ್ನ ಅಳತೆ ಸೊಗಸಾಗಿ ಬಂದ ಹುಮ್ಮಸ್ಸಿನಲ್ಲಿ ಅವಳು ಆ ಮೂಲೆಗೂ ಕಿರಣ ಹಾಯಿಸಿ ಇಣುಕಿದ್ದಳು. ನೋಡುವ ಚಪಲ, ಮತ್ತೇನಿಲ್ಲ. ಆಮೇಲೆ ಮರೆತೂಬಿಟ್ಟಳು.

ಮರ್ವಿನನ ಅಳತೆಯಲ್ಲಿ ಪ್ಲಾಸ್ಟಿಕ್ ಹಾಳಾಗಿತ್ತು. ಎಲೆಕ್ಟ್ರಾನ್ ಸುಟ್ಟಿತೆಂದು ಅವಳು ಬರೆದಳು. ಆ ಲೇಖನದಿಂದಲೇ ಹೆಸರನ್ನೂ ಖಾಯಂ ಕೆಲಸವನ್ನೂ ಗಳಿಸಿದಳು. ಪ್ರಯೋಗಾಲಯದ ಕ್ಲೈವ್, ಮರ್ವಿನನನ್ನು ‘ಟೋಸ್ಟರ್’ ಎಂದು ಕರೆದ. ನಿವೃತ್ತನಾದರೂ ಆ ಹೆಸರು ಮರ್ವಿನನನ್ನು ಬಿಡಲಿಲ್ಲ.

* * *

“ನಮ್ಮ ಟೋಸ್ಟರ್ ಹೊರಟುಬಿಟ್ಟ,” ಎಂದು ಕ್ಲೈವ್ ಶ್ರದ್ಧಾಂಜಲಿಯ ಮಾತು ಮುಗಿಸಿದಾಗ ಎಲ್ಲರೂ ಪ್ರೀತಿಯಿಂದಲೇ ನಕ್ಕರು. ನೊರೀನ್ ನಗಲಿಲ್ಲ.

ಮುಂದಿನ ಸರದಿ ಐಲ್ಸಳದು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬರೆದುಕೊಂಡು ಬಂದಿದ್ದ ಹಾಳೆಯನ್ನು ಅವಳು ಮಡಿಚಿಟ್ಟಳು.

“ಸುಟ್ಟಿದ್ದು ಮರ್ವಿನ್ ಅಲ್ಲ. ನಾನು,” ಎಂದು ನೊರೀನ್ ಕೊಟ್ಟ ಫೋಟೊ ಎತ್ತಿ ಹಿಡಿದಳು. “ಅವರ ಮೂಲೇನ ನಾನು ಮೊದಲೇ ನೋಡಿ ಕೆಡಿಸಿದ್ದೆ. ಎಕ್ಸ್‌-ರೇ ಮೆದುವೇ ಇರಬಹುದು, ಆದರೆ ನನ್ನ ಲೆಕ್ಕ ತಪ್ಪು. ಲೇಖನ ವಾಪಸ್ ತಗೋತೀನಿ. ಅವರಿಗೆ ಇದು ಗೊತ್ತಿತ್ತು. ನನ್ನ ಕೆಲಸ ಉಳೀಲಿ ಅಂತ ಸುಮ್ಮನಿದ್ದರು.”

ನಾಚಿಕೆಯಿಂದ ಅವಳ ಮುಖ ಉರಿಯಿತು.

ಕ್ಲೈವ್ ಎದ್ದು ಬಂದ. ಬೈಯುತ್ತಾನೆಂದುಕೊಂಡಳು. ಅವನು ಕನ್ನಡಕ ಏರಿಸಿದ. “ಎಲ್ಲಿ, ಕೊಡು ನೋಡೋಣ. ಎಷ್ಟು ಹೊತ್ತು ಇಣುಕಿದ್ದೆ ನೀನು?”

“ನೆನಪಿಲ್ಲ.”

“ಐದು ನಿಮಿಷ?”

“ಛೆ, ಐದು ನಿಮಿಷಕ್ಕೆಲ್ಲ ಕಲೆ ಬೀಳಲ್ಲ ಕಣೋ!” ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ನೋಡನೋಡುತ್ತಿದ್ದಂತೆ ಪ್ರಯೋಗಾಲಯದ ಮುದುಕರೆಲ್ಲ ಎದ್ದು ಬಂದು ಮುತ್ತಿಕೊಂಡರು. ಫೋಟೊ ಇಡಲು ಸಮತಟ್ಟು ಜಾಗ ಒಂದೇ ಇತ್ತು. ಪಾದ್ರಿ ಪುಸ್ತಕ ತೆರೆದುಕೊಂಡು ಸುಮ್ಮನೆ ಕಾದ.

“ತಡೀರಿ, ತಡೀರಿ,” ಎಂದು ನೊರೀನ್ ಎದ್ದು ಬಂದು, ಶವಪೆಟ್ಟಿಗೆಯ ಮೇಲಿನ ಹೂವನ್ನೆಲ್ಲ ಒಂದು ಬದಿಗೆ ಸರಿಸಿಕೊಟ್ಟಳು.