ಹೆಸರಿನ ಮುಂದಿನ ಅಕ್ಷರ

ನಾನು ಒಂದು ಪ್ರೊಸೆಸರ್. ಲೆಕ್ಕ ಹಾಕುವ ಚಿಪ್. ಬಿಸ್ಕತ್ತಿನಷ್ಟು ಗಾತ್ರ, ಹೊಟ್ಟೆಯ ಕೆಳಗೆಲ್ಲ ಕಾಲು. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಅಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಹಾಗಾಗಿ ಹೆತ್ತವರ ಮುಖವನ್ನೇ ನಾನು ಕಾಣೆ.

ಮೊದಲು ಮುಂಬೈಯ ಕಚೇರಿಯೊಂದರಲ್ಲಿ ಸೇತುವೆಗಳ ನಕ್ಷೆ ಬಿಡಿಸಿದೆ. ನನಗಿಂತ ಚುರುಕಿನವನು ಬಂದದ್ದೇ ತಡ, ನನ್ನನ್ನು ಗುಜರಿಗೆ ಹಾಕಿದರು. ಯಾರೋ ಆರಿಸಿ, ಕಂಪ್ಯೂಟರಿನೊಳಗೆ ಸಿಕ್ಕಿಸುವ ಸಣ್ಣ ಕಾರ್ಡಿನ ಮೇಲೆ ಕೂರಿಸಿ, ಹುಬ್ಬಳ್ಳಿಯ ಫಕೀರಪ್ಪ ಹೂಗಾರರಿಗೆ ಮಾರಿದರು. ಅವರದು ಮದುವೆ ವಿಡಿಯೋ ಸ್ಟುಡಿಯೋ. ಟೈಟಲ್ ಬರೆಯಲು ಅವರ ಬಳಿ ಕಾಲ ಮೀರಿದ ಮನೆ ಕಂಪ್ಯೂಟರ್ ಒಂದಿತ್ತು. ಬೇರೆಯವರಾಗಿದ್ದರೆ ಎಸೆಯುತ್ತಿದ್ದರು, ಇವರು ಅದರ ವೇಗ ಹೆಚ್ಚಿಸಲು ನನ್ನನ್ನು ಸಿಕ್ಕಿಸಿದರು. ಅದರ ಹಳೆಯ ಚಿಪ್ ನನ್ನ ಪಕ್ಕದಲ್ಲೇ ಸುಮ್ಮನೆ ಮಲಗಿತ್ತು, ಒಂದು ಮಾತಿಗೂ ಸಿಗಲಿಲ್ಲ. ಮುಚ್ಚಳದ ಕೆಳಗೆ ಬಿಸಿಯೇರುತ್ತ ನಾನೊಬ್ಬನೇ ದುಡಿಯುತ್ತಿದ್ದೆ. ಬಂದವರು ಹೊಗಳುತ್ತಿದ್ದುದು ಮಾತ್ರ ಅಕ್ಷರ ಮೂಡುತ್ತಿದ್ದ ಟಿವಿಯನ್ನು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ನೀಲವ್ವ ಎಂಬುವವರು ಮಗಳ ಮದುವೆಯ ಕ್ಯಾಸೆಟ್ಟಿಗೆ ಹೆಸರು ಬರೆಸಲು ಬಂದರು. ಅವರ ಗಂಡ ಶಂಕ್ರಪ್ಪ ಮನೆ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು.

"ಯಜಮಾನ್ರ ಹೆಸರಿನ ಮುಂದ ಏನ್ ಹಾಕ್ಲಿ ಅಕ್ಕಾರ?" ಫಕೀರಪ್ಪನವರು ಮೆಲ್ಲಗೆ ಕೇಳಿದರು. "ದಿವಂಗತ ಅಂತ ಬರ್ಯಾಕ ನಿಮ್ಮ ಮೈದುನ ಹೇಳಿ ಹೋಗ್ಯಾರ."

"ಅಂವಗೇನ್ ಗೊತ್ತು. ಶ್ರೀ ಅಂತ ಬರೀರಿ."

ಮದುವೆಯ ಚಿತ್ರದ ಮೇಲೆ 'ಶ್ರೀ ಶಂಕ್ರಪ್ಪ' ಎಂದು ಬರೆದೆ. ನೀಲವ್ವ ನೋಡುತ್ತ ಕುಳಿತರು.

"ಅವ್ರು ನಿಲ್ಲೋ ಜಾಗಾದಾಗ ಮೈದುನ ನಿಂತಾನ ನೋಡ್ರಿ," ಎಂದರು ಕೊನೆಗೆ. "ಮದುವಿ ಸುದ್ದಿ ಪೇಪರಿನ್ಯಾಗೂ ಹಾಕ್ಸಿದ್ವಿ. ಮಗಳಿಗೆ ಅಕ್ಕಿಕಾಳು ಹಾಕಾಕೂ ಬರ್ಲಿಲ್ಲಂದ್ರ ಅವ್ರು ಇಲ್ರಿ. ದಿವಂಗತ ಅಂತನ ಹಾಕ್ರಿ."

ಫಕೀರಪ್ಪನವರ ಬೆರಳು ಕೀಲಿಯ ಮೇಲೆ ಹಿಂದೆಮುಂದೆ ನೋಡಿತು, ಆಮೇಲೆ ಒತ್ತಿತು. ಹಳೆಯ ಚಿಪ್ ಆಗಿದ್ದರೆ ಒಂದೊಂದೇ ಅಕ್ಷರ ಅಳಿಸುತ್ತ ತಡ ಮಾಡುತ್ತಿತ್ತು. ಅಷ್ಟರಲ್ಲಿ ನೀಲವ್ವ ಬೇಡ ಎನ್ನುತ್ತಿದ್ದರೋ ಏನೋ. ನನಗೆ ತಡ ಮಾಡಲು ಬರುವುದಿಲ್ಲ.

ಈಗ ಸ್ಟುಡಿಯೋ ಇಲ್ಲ. ಫಕೀರಪ್ಪನವರ ಕಪಾಟಿನಲ್ಲಿ, ತಗಡಿನ ಡಬ್ಬಿಯಲ್ಲಿ ಇದ್ದೇನೆ. ಹಳೆಯ ಕಂಪ್ಯೂಟರುಗಳ ಹುಚ್ಚಿನವರು ನನ್ನಂಥವರನ್ನು ಹುಡುಕುತ್ತಾರಂತೆ, ಅದೂ ವೇಗಕ್ಕಾಗಿಯೇ. ನನ್ನಲ್ಲಿ ಬೇರೇನನ್ನೂ ಯಾರೂ ಬಯಸಲಿಲ್ಲ. ಆದರೆ ಆ ದಿನ ರೆಪ್ಪೆ ಮಿಟುಕಿಸುವಷ್ಟರಲ್ಲಿ ಶ್ರೀ ಹೋಗಿ ದಿವಂಗತ ಬಂದಾಗ ನೀಲವ್ವ ಕೇಳಿದ ಮಾತು ನನ್ನನ್ನು ಬಿಡುವುದಿಲ್ಲ.

"ಇಷ್ಟ ಲಗೂನ ಆತೇನ್ರಿ?"