ಸೊಳ್ಳೆಬತ್ತಿಯ ರೂಮು

ಆಗ ತಾನೇ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಅದರಡಿಯಲ್ಲಿ ರೇಷ್ಮೆಹುಳುಗಳ ಹಿಕ್ಕೆಯ ತೆಳು ಘಾಟು. ಯಾಮಿನಿ ತೊಟ್ಟಿಲಲ್ಲಿದ್ದಾಗಿನಿಂದ ಬೆಳೆದದ್ದು ಆ ವಾಸನೆಯಲ್ಲೇ. ಜಂಗಮಕೋಟೆಯ ಅವರ ಮನೆಯ ಹಿತ್ತಲಲ್ಲಿ ಹುಳುಮನೆ. ಊದುಬತ್ತಿ ಹಚ್ಚುವುದಿದ್ದರೆ ಬೀದಿಯಾಚೆಯ ಗುಡಿಯಲ್ಲಿ. ಬೀಡಿ ಸೇದಿ ಬಂದ ನೆಂಟರಿಗೆ ಜಗಲಿಯ ಮೇಲೇ ಕಾಫಿ. ಹೊಗೆ, ಸೆಂಟು, ಸೊಳ್ಳೆ ಔಷಧಿ ಯಾವುದೂ ಹುಳುವಿಗಾಗದು. ಒಮ್ಮೆ ತಾಗಿದರೆ ಇಡೀ ಬೆಳೆಯೇ ತಿಪ್ಪೆಗೆ.

ಆದ್ದರಿಂದಲೇ ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರುವಾಗ, ಪಕ್ಕದೂರಿನ ತನುಜಳ ಜೊತೆ ಒಂದೇ ರೂಮಿನಲ್ಲಿರುವುದೆಂದು ಮಾತಾಡಿಕೊಂಡಿದ್ದಳು. ತನುಜಳ ಮನೆಯಲ್ಲೂ ಹುಳು ಸಾಕುತ್ತಾರೆ, ಏನನ್ನೂ ಬಿಡಿಸಿ ಹೇಳಬೇಕಿರಲಿಲ್ಲ. ಹಾಸ್ಟೆಲ್ಲಿಗೆ ಬಂದು ನೋಡಿದರೆ ತನುಜ ಮೇಲಿನ ಮಹಡಿಗೆ, ಇವಳು ಗೌರಿಬಿದನೂರಿನ ಮೇಷ್ಟರ ಮಗಳು ಮಹತಿಯ ಜೊತೆಗೆ. ಹೋದ ವರ್ಷ ಡೆಂಗಿ ಜ್ವರದಲ್ಲಿ ಮಲಗಿ ಎದ್ದಿದ್ದ ಮಹತಿ, ಸಂಜೆಯಾಗುತ್ತಲೇ ಮಂಚದ ಕೆಳಗೆ ಸೊಳ್ಳೆಬತ್ತಿ ಹಚ್ಚಿ ಕಿಟಕಿ ಮುಚ್ಚಿಬಿಡುತ್ತಿದ್ದಳು.

ಯಾಮಿನಿ ವಾರ್ಡನ್ ಶೋಭಾರಾಣಿಯವರ ಬಳಿ ಹೋದಳು.

"ಒಂದೇ ಕಡೆಯವರನ್ನ ಒಂದೇ ರೂಮಿಗೆ ಹಾಕಿದ್ರೆ ಹರಟೆ ಹೊಡೀತೀರ, ಓದಲ್ಲ ಕಣಮ್ಮ. ಅದಕ್ಕೇ ಬೇರೆ ಮಾಡಿರೋದು," ಎಂದರು ಅವರು.

"ಆ ಬತ್ತಿ ಹೊಗೆ ಮೈಗೆ ಹತ್ತಿಸ್ಕೊಂಡು ಊರಿಗೆ ಹೋದ್ರೆ ಮನೇಲಿ ಹುಳ ಸಾಯ್ತವೆ ಮೇಡಂ."

"ಹಾಸ್ಟೆಲಲ್ಲಿ ಇರೋದು ನೀನು. ಹುಳ ಅಲ್ವಲ್ಲ."

ಆ ಸಿಟ್ಟನ್ನೆಲ್ಲ ತಂದು ಮಹತಿಯ ಮೇಲೆ ಸುರಿದಳು.

"ಹುಳಕ್ಕೋಸ್ಕರ ನಾನು ಸೊಳ್ಳೆ ಕೈಲಿ ಕಚ್ಚಿಸ್ಕೋಬೇಕಾ?" ಎಂದಳು ಮಹತಿ.

"ಅಷ್ಟು ಸಸಾರ ಮಾಡ್ಬೇಡ. ನನ್ನ ಓದಿಸ್ತಿರೋದು ಅವೇ."

ಗುರುವಾರ ಅಜ್ಜಿ ಓಬಳಮ್ಮನ ಫೋನು ಬಂತು. "ಶನಿವಾರ ಹುಳ ಹಣ್ಣಾಗ್ತವೆ, ಬಂದ್ಬಿಡಮ್ಮ. ಕೈ ಸಾಲಲ್ಲ." ಹಣ್ಣಾದ ಹುಳು ಸೊಪ್ಪು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ರೇಷ್ಮೆ ಹಾಳು. ಬುದ್ಧಿ ಬಂದಾಗಿನಿಂದ ಯಾಮಿನಿ ಆ ದಿನವನ್ನು ತಪ್ಪಿಸಿದವಳಲ್ಲ. ಅವಳಷ್ಟು ಚುರುಕು ಕೈ ಮನೆಯಲ್ಲಿ ಇನ್ನೊಂದಿರಲಿಲ್ಲ.

ಫೋನಿನ ಮಾತು ಮಹತಿಯ ಕಿವಿಗೂ ಬಿದ್ದಿರಬೇಕು. ಅಂದಿನಿಂದ ಅವಳು ಬತ್ತಿ ಹಚ್ಚಲಿಲ್ಲ, ಕಿಟಕಿಯನ್ನೂ ತೆರೆದಿಟ್ಟಳು. ಬೆಳಿಗ್ಗೆ ಅವಳ ಎರಡೂ ತೋಳುಗಳಲ್ಲಿ ಗಂದೆ. ಯಾಮಿನಿ ನೋಡಿದಳು. ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿ, ಶನಿವಾರ ಶಿಡ್ಲಘಟ್ಟದ ಬಸ್ಸು ಹತ್ತಿದಳು.

ಊರಿಗೆ ಬಂದವಳೇ ನೇರ ಹಿತ್ತಲಿಗೆ ಹೋದಳು. ಓಬಳಮ್ಮ ಹುಳುಮನೆಯ ಹೊಸ್ತಿಲಲ್ಲೇ ತಡೆದು, ಜಡೆಯನ್ನು ಮೂಗಿನ ಹತ್ತಿರ ಹಿಡಿದಳು.

"ವದ್ದು ತಲ್ಲೀ, ಬೇಡಮ್ಮ, ಒಳಗೆ ಬರ್ಬೇಡ. ಹೊಗೆ ವಾಸನೆ ಕೂದಲಲ್ಲೇ ಕೂತಿದೆ."

"ಸೀಗೇಪುಡಿ ಹಾಕಿ ಉಜ್ಜಿ ಸ್ನಾನ ಮಾಡಿದೀನಿ ಅಜ್ಜಿ."

"ಮಾಡಿರ್ತೀಯ. ಆದ್ರೂ ಹೋಗಿಲ್ಲ."

ಯಾಮಿನಿ ಜಗಲಿಯ ಮೇಲೆ ಕುಕ್ಕರಿಸಿದಳು. ಒಳಗಿನಿಂದ ಅಪ್ಪ ಅಮ್ಮನ ಅವಸರದ ಮಾತು ಕೇಳುತ್ತಿತ್ತು: ಇಲ್ಲಿ ಇನ್ನೂ ಇವೆ, ಆ ತಟ್ಟೆ ಈ ಕಡೆ ತಳ್ಳು. ಕೈಗಳು ಸುಮ್ಮನಿರಲಾರದೆ ಒಂದನ್ನೊಂದು ಹಿಸುಕುತ್ತಿದ್ದವು. ವಾರ್ಡನ್ನನ್ನು ಬೈಯೋಣವೆಂದರೆ ಅವರು ದೂರ. ಮಹತಿಯನ್ನು ಬೈಯೋಣವೆಂದರೆ ಆ ಗಂದೆಯೆದ್ದ ತೋಳುಗಳು. ಸೋಮವಾರ ಮತ್ತೆ ಅದೇ ರೂಮು. ಮುಂದಿನ ಬೆಳೆಗೂ ಹೀಗೇ ಜಗಲಿಯೇ.

ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ ಒಲೆ ತಣ್ಣಗಿತ್ತು. ಬೆಳಗಿನಿಂದ ಯಾರೂ ತಿಂದಂತಿರಲಿಲ್ಲ. ಪಾತ್ರೆಗಳನ್ನು ಬೇಕೆಂದೇ ದಡಬಡಿಸುತ್ತಾ ಅವರೆಕಾಳಿನ ಸಾರಿಗಿಟ್ಟಳು. ಹಿಟ್ಟು ತೊಳಸುವಾಗ ಕಣ್ಣು ತುಂಬಿತು, ತೋಳಿನಿಂದ ಒರೆಸಿಕೊಂಡಳು.

ಮುದ್ದೆ ಸಾರಿನ ತಟ್ಟೆ ಹಿಡಿದು ಹುಳುಮನೆಯ ಮುಂದೆ, ಹೊಸ್ತಿಲಿಗೆ ಒಂದು ಮಾರು ಹಿಂದೆಯೇ ನಿಂತಳು. ನೆರಳು ಕಂಡು ಓಬಳಮ್ಮ ಎದ್ದು ಬಂದು ಸೆರಗಿಗೆ ಕೈ ಒರೆಸಿಕೊಂಡಳು. ಯಾಮಿನಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ, ತೋಳು ಪೂರ್ತಿ ಚಾಚಿ ತಟ್ಟೆಯನ್ನು ಅಜ್ಜಿಯ ಕೈಗಿಟ್ಟಳು.