ಹದಿನಾಲ್ಕನೆಯ ಪರೀಕ್ಷೆ

ತರಬೇತಿ ಮೇಡಂ ಪರದೆಯ ಮೇಲೆ ಐದನೆಯ ಚಿತ್ರ ತೋರಿಸುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗೊರಕೆ ಶುರುವಾಗಿತ್ತು. ತಗಡಿನ ಕೋಣೆ, ತಿರುಗದ ಫ್ಯಾನು, ನಲವತ್ತು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅರವತ್ತು ಜನ. ಚಿತ್ರದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಒಂದೇ ಎತ್ತರದ ಏಣಿಗಳ ಮೇಲೆ ನಿಂತು ನಗುತ್ತಿದ್ದರು. ಇಬ್ಬರ ಹೆಲ್ಮೆಟ್ಟೂ ಹೊಸದು, ಬಟ್ಟೆಯ ಮೇಲೆ ಹೆಸರಿಗೂ ಒಂದು ಹನಿ ಸಿಮೆಂಟಿಲ್ಲ. ಇಂಥವರು ಯಾವ ಸೈಟಿನಲ್ಲಿ ಕೆಲಸ ಮಾಡುತ್ತಾರೋ ದೇವರಿಗೇ ಗೊತ್ತು ಎಂದುಕೊಂಡು ಪೇಂಟಿಂಗ್ ಕಂಟ್ರಾಕ್ಟರ್ ಕೈಗಡಿಯಾರ ನೋಡಿದ. ಮೂರನೆಯ ಮಹಡಿಯಲ್ಲಿ ಗೋಡೆಗೆ ಬಳಿಯಲೆಂದು ಅವನು ಕಲಸಿಟ್ಟು ಬಂದ ಪುಟ್ಟಿ ಗಟ್ಟಿಯಾಗುತ್ತಿತ್ತು.

ಏಳು ಮಹಡಿಯ ಆ ಕಟ್ಟಡದಲ್ಲಿ ಕೆಲಸ ಹಿಡಿದ ಕಂಟ್ರಾಕ್ಟರುಗಳೆಲ್ಲ ತಮ್ಮ ಜನರ ಸಮೇತ ಈ ಸಮಾನತೆಯ ತರಬೇತಿಗೆ ಕೂರಲೇಬೇಕು, ಆಮೇಲೆ ಒಬ್ಬೊಬ್ಬರೂ ಒಂದು ಪರೀಕ್ಷೆ ಪಾಸು ಮಾಡಬೇಕು, ಮಾಡಿದರಷ್ಟೇ ಗೇಟಿನ ಕಾರ್ಡು ಮುಂದೆ ನಡೆಯುತ್ತದೆ ಎಂದು ಕಂಪನಿ ಹೊಸ ಆಜ್ಞೆ ಹೊರಡಿಸಿತ್ತು. ಕಂಟ್ರಾಕ್ಟರುಗಳು ಒಗ್ಗಟ್ಟಾಗಿ ಮೂಗು ಮುರಿದರು. ಬೇರೆ ಯಾವ ವಿಷಯದಲ್ಲೂ ಅವರಲ್ಲಿ ಅಷ್ಟು ಒಗ್ಗಟ್ಟನ್ನು ಯಾರೂ ಕಂಡಿರಲಿಲ್ಲ. ವೈರಿಂಗಿನವನು ಅರ್ಧ ದಿನ ಮಣ್ಣುಪಾಲು ಎಂದ. ಪ್ಲಂಬಿಂಗಿನವನಂತೂ, ಪ್ರಶ್ನೆಗಳಿದ್ದರೆ ಕೇಳಿ ಎಂದು ಮೇಡಂ ಹೇಳಿದ್ದೇ ತಡ, ಎದ್ದು ನಿಂತ.

"ನಮ್ಮ ಗುಂಪಲ್ಲಿ ಹೆಂಗಸರೇ ಇಲ್ಲ ಮೇಡಂ. ಸಮಾನತೆ ಯಾರ ಜೊತೆ ಮಾಡೋಣ?"

ಗೊರಕೆ ಹೊಡೆಯುತ್ತಿದ್ದವರೂ ಎಚ್ಚರಾಗಿ ನಕ್ಕರು. ಪೇಂಟಿಂಗ್ ಕಂಟ್ರಾಕ್ಟರೂ ನಕ್ಕ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದಾರೆಂಬುದು ಆಮೇಲೆ ನೆನಪಾಗಿ ಅವನ ನಗು ಅರ್ಧಕ್ಕೆ ನಿಂತಿತು. ಅತ್ತಿಗೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮೇಡಂ ಹೇಳಿದ್ದನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಅತ್ತಿಗೆ ಎಂದರೆ ಅವನ ಅಣ್ಣನ ಹೆಂಡತಿ. ಜ್ವರವೆಂದು ಮಲಗಿದ ಅಣ್ಣ ಮೇಲೇಳದೆ ಹೋದಾಗ, ಮೈದುನನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ನನ್ನಿಂದಾಗದು, ಕೈಗೊಂದು ಕೆಲಸ ಕೊಟ್ಟರೆ ಸರಿ, ಇಲ್ಲದಿದ್ದರೆ ನನ್ನ ದಾರಿ ನಾನು ನೋಡಿಕೊಳ್ಳುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಉಪ್ಪುಕಾಗದ ಹಿಡಿದು ಗೋಡೆ ಉಜ್ಜಲು ಬಂದವರು ಆರು ವರ್ಷದಲ್ಲಿ ಗುಂಪಿನ ಎಲ್ಲರಿಗಿಂತ ನುಣುಪಾಗಿ ಪುಟ್ಟಿ ಎಳೆಯುವುದನ್ನು ಕಲಿತಿದ್ದರು. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಮುದುಕ ಪೇಂಟರೂ ಸೇರಿದಂತೆ ಎಲ್ಲರಿಗೂ ಅವರು ಅತ್ತಿಗೆಯೇ. ಇಡೀ ಸೈಟಿನಲ್ಲಿ ಗೋಡೆಗೆ ಕೈ ಹಚ್ಚುವ ಹೆಂಗಸು ಅವರೊಬ್ಬರೇ. ಕೆಲಸ ಮುಗಿಸಿ ಮನೆಗೆ ಬಂದು ತಟ್ಟೆ ಹಾಕಿಕೊಂಡು ಕೂರುವಾಗ ಅವರ ಬೆನ್ನು ಎಷ್ಟು ನೆಟ್ಟಗಿರುತ್ತಿತ್ತು ಎಂಬುದನ್ನು ಕಂಟ್ರಾಕ್ಟರ್ ದಿನವೂ ನೋಡುತ್ತಿದ್ದ, ನೋಡಿ ಒಳಗೊಳಗೇ ಹೆಮ್ಮೆಪಡುತ್ತಿದ್ದ.

ಮಾತು ಮುಗಿಸಿದ ಮೇಡಂ ಪ್ರತಿ ಗುಂಪಿಗೂ ಒಂದೊಂದು ಟ್ಯಾಬು ಕೊಟ್ಟು, ಸಂಜೆಯೊಳಗೆ ಎಲ್ಲರೂ ಪರೀಕ್ಷೆ ಬರೆದು ಮುಗಿಸಿರಬೇಕು ಎಂದು ಹೇಳಿ ಕಳಿಸಿದರು. ಕಂಟ್ರಾಕ್ಟರನ ಗುಂಪಿನಲ್ಲಿ ಅವನೂ ಸೇರಿ ಹದಿಮೂರು ಗಂಡಸರು. ಅರ್ಧ ಜನಕ್ಕೆ ಓದು ಬಾರದು, ಉಳಿದರ್ಧಕ್ಕೆ ಓದುವ ವ್ಯವಧಾನವಿಲ್ಲ. ಅವನು ಮೀನಮೇಷ ಎಣಿಸದೆ ಟ್ಯಾಬನ್ನು ಅತ್ತಿಗೆಯ ಕೈಗೆ ಕೊಟ್ಟ.

"ಎಲ್ಲರದೂ ನೀವೇ ಒತ್ತಿಬಿಡಿ ಅತ್ತಿಗೆ. ಇಲ್ಲಿ ಕೆಲಸ ನಿಂತುಹೋಗಿದೆ."

"ಅವರವರದು ಅವರವರೇ ಬರೀಬೇಕು ಅಂದ್ರಲ್ಲಪ್ಪ?"

"ಯಾರು ಬಂದು ನೋಡ್ತಾರೆ?"

ಅತ್ತಿಗೆ ಕೈ ತೊಳೆದು, ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಕೂತು ಒಂದೊಂದೇ ಹೆಸರು ಹಾಕಿ ಬರೆಯತೊಡಗಿದರು. ನಾಲ್ಕನೆಯ ಕ್ಲಾಸು ದಾಟದ ಮುದುಕ ಪೇಂಟರನಿಗೆ ನೂರಕ್ಕೆ ನೂರು ಬಂತು. ನಮ್ಮ ಮೇಷ್ಟ್ರು ಇವತ್ತು ಬದುಕಿರಬೇಕಿತ್ತು ಎಂದು ಅವನು ಮಧ್ಯಾಹ್ನವೆಲ್ಲ ಹಲುಬಿದ. ಕೊನೆಯಲ್ಲಿ ಅಂಕವಿಲ್ಲದ ಒಂದು ಪ್ರಶ್ನೆಯಿತ್ತು: ಕೆಲಸದ ಜಾಗದಲ್ಲಿ ಏನಾದರೂ ಕೊರತೆ ಇದ್ದರೆ ಬರೆಯಿರಿ. ಏನು ಬರೆಯಲಿ ಎಂದು ಅತ್ತಿಗೆ ಕೇಳಿದಾಗ ಕಂಟ್ರಾಕ್ಟರ್ ಏಣಿಯ ಮೇಲಿಂದಲೇ, ಏನೂ ಇಲ್ಲ ಅಂತ ಬರೆದು ಬಿಸಾಕಿ ಎಂದ. ಅವರು ಹದಿಮೂರು ಸಲ ಏನೂ ಇಲ್ಲ ಎಂದು ಬರೆದರು. ಹದಿನಾಲ್ಕನೆಯದು ಅವರದೇ ಪರೀಕ್ಷೆ. ಅದಕ್ಕೆ ಬಂದಾಗ ಅವರ ಬೆರಳು ಬಹಳ ಹೊತ್ತು ನಿಂತದ್ದನ್ನು ಅವನು ನೋಡಿದ್ದ. ಚಾರ್ಜು ಮುಗಿಯಿತೇನೋ ಎಂದುಕೊಂಡ, ಅಷ್ಟೆ.

ಮೂರನೆಯ ದಿನ ಅವನಿಗೆ ಆಫೀಸಿನಿಂದ ಕರೆ ಬಂತು. ಸೈಟ್ ಮ್ಯಾನೇಜರ್ ಮೇಜಿನ ಹಿಂದೆ, ತರಬೇತಿ ಮೇಡಂ ಪಕ್ಕದ ಕುರ್ಚಿಯಲ್ಲಿ. ಮ್ಯಾನೇಜರ್ ಟ್ಯಾಬನ್ನು ಅವನ ಕಡೆ ತಿರುಗಿಸಿದ. ಅತ್ತಿಗೆಯ ಹೆಸರಿನ ಕೆಳಗೆ ಎರಡೇ ಸಾಲು ಇತ್ತು. ಇಲ್ಲಿ ಹೆಂಗಸರಿಗೆ ಕಕ್ಕಸು ಇಲ್ಲ. ಆದ್ದರಿಂದ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೆಲಸ ಮಾಡುತ್ತೇನೆ.

ಕಂಟ್ರಾಕ್ಟರ್ ಎರಡು ಸಲ ಓದಿದ. ಗಂಡಸರಿಗೆ ಗೋಡೆಯ ಪಕ್ಕ ಆರು ತಗಡಿನ ಬಾಗಿಲುಗಳಿದ್ದವು, ಆರಕ್ಕೂ ಚಿಲಕವಿರಲಿಲ್ಲ. ಊಟದ ಹೊತ್ತಿನಲ್ಲಿ ಅತ್ತಿಗೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದುದನ್ನು ಅವನು ತನ್ನ ಕಣ್ಣಿನಿಂದಲೇ ನೋಡಿದ್ದ. ನಮ್ಮ ಅತ್ತಿಗೆ ಒಂಟೆ, ಬೆಳಿಗ್ಗೆ ಒಂದು ಸಲ ಕುಡಿದರೆ ಸಂಜೆವರೆಗೂ ಸಾಕು ಎಂದು ಎಲ್ಲರನ್ನೂ ನಗಿಸಿದವನು ಅವನೇ. ಕಳೆದ ಬೇಸಿಗೆಯಲ್ಲಿ ಅವರು ಉರಿಮೂತ್ರದಿಂದ ಹತ್ತು ದಿನ ಮಲಗಿದ್ದರು. ಡಾಕ್ಟರು ಬಾಯಿ ಬಡಿದುಕೊಂಡರೂ ನೀರು ಕುಡಿಯುವುದಿಲ್ಲವಲ್ಲ, ನಿಮಗೇನು ಬಂದಿದೆ ಎಂದು ಅವನು ಅವರ ಮೇಲೇ ರೇಗಾಡಿದ್ದ. ಆಗಲೂ ಅವರು ಬಾಯಿ ಬಿಟ್ಟಿರಲಿಲ್ಲ. ಮೈದುನನಿಗೆ ಹೇಳುವ ಮಾತೇ ಅದು?

ಒಂದು ಕಕ್ಕಸು ಕಟ್ಟಿಸಿಬಿಡಿ, ಅದರಲ್ಲೇನಿದೆ ಎಂದು ಅವನು ಹೇಳಿದ. ಮ್ಯಾನೇಜರ್ ಸಮಾಧಾನವಾಗಿ ವಿವರಿಸಿದ. ಹೆಂಗಸರು ಕೆಲಸ ಮಾಡುವ ಕಡೆ ಬೇರೆ ಶೌಚಾಲಯ ಇರಲೇಬೇಕು, ನಿಯಮ ಹಾಗಿದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಈಗ ಬರಹದಲ್ಲಿ ಬಂದಿದೆ. ಕಟ್ಟಿಸಬೇಕೆಂದರೆ ಮೇಲಿನಿಂದ ಒಪ್ಪಿಗೆ ಬರಬೇಕು, ಬರುವಷ್ಟರಲ್ಲಿ ಬಣ್ಣದ ಕೆಲಸವೇ ಮುಗಿದಿರುತ್ತದೆ. ಹಾಗಾದರೆ ಆಫೀಸಿನ ಶೌಚಾಲಯದ ಬೀಗದ ಕೈಯನ್ನು ದಿನಕ್ಕೆ ಎರಡು ಸಲ ಕೊಡಿ ಎಂದು ಅವನು ಅಂಗಲಾಚಿದ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದ ಮ್ಯಾನೇಜರ್, ಮೊದಲೇ ಟೈಪು ಮಾಡಿಸಿಟ್ಟಿದ್ದ ಒಂದು ಹಾಳೆಯನ್ನು ಮುಂದಕ್ಕೆ ಸರಿಸಿದ. ನನ್ನ ಗುಂಪಿನಲ್ಲಿ ಮಹಿಳಾ ಕೆಲಸಗಾರರು ಇರುವುದಿಲ್ಲ, ಎಂದಿತ್ತು. ಕೆಳಗೆ ಸಹಿಗೆ ಜಾಗ.

ಅವನು ಮೇಡಂ ಕಡೆ ತಿರುಗಿದ. "ಕೊರತೆ ಇದ್ದರೆ ಬರೀರಿ ಅಂದವರು ನೀವೇ ಅಲ್ವಾ ಮೇಡಂ?"

ಮೇಡಂ ತುಂಬ ಚಿಕ್ಕವರು. ತಲೆ ಎತ್ತದೆ, ತಾನು ಅದನ್ನು ಅವತ್ತೇ ಮೇಲಕ್ಕೆ ಕಳಿಸಿದ್ದಾಗಿಯೂ, ಮೇಲಿನಿಂದ ಬಂದ ಉತ್ತರ ಈ ಹಾಳೆಯೆಂದೂ ಹೇಳಿದರು. ಹೀಗಾಗುತ್ತದೆ ಎಂದು ಅಂದುಕೊಂಡಿರಲಿಲ್ಲ ಎಂದರು. ಅವರ ದನಿ ಸುಳ್ಳು ಹೇಳುವವರ ದನಿಯಾಗಿರಲಿಲ್ಲ. ಅದರಿಂದ ಕಂಟ್ರಾಕ್ಟರನಿಗೆ ಇನ್ನಷ್ಟು ಕೈ ಕಟ್ಟಿದಂತಾಯಿತು, ಬೈಯಲೂ ಒಬ್ಬರು ಸಿಕ್ಕಲಿಲ್ಲ. ಆದರೂ ಸಹಿ ಹಾಕುವುದಿಲ್ಲ ಎಂದು ಎದ್ದ.

ಆಗ ಮ್ಯಾನೇಜರ್ ಟ್ಯಾಬಿನಲ್ಲಿ ಇನ್ನೊಂದು ಪಟ್ಟಿ ತೆಗೆದ. ಹದಿನಾಲ್ಕು ಪರೀಕ್ಷೆಗಳು, ಒಂದರ ಬಾಲ ಹಿಡಿದು ಇನ್ನೊಂದು, ಎರಡೂವರೆ ಗಂಟೆಯಲ್ಲಿ ಮುಗಿದಿದ್ದವು. ಹದಿಮೂರರ ಕೊನೆಯಲ್ಲಿ ಅವೇ ಎರಡು ಪದಗಳು.

"ಎಲ್ಲಾ ಒಬ್ಬರ ಕೈಲೇ ಬರೆಸಿದ್ದೀರಿ. ಇದನ್ನೂ ಮೇಲಕ್ಕೆ ಕಳಿಸಲಾ? ಹದಿನಾಲ್ಕು ಕಾರ್ಡೂ ಹೋಗುತ್ತೆ."

ಹದಿಮೂರು ಮನೆಗಳ ಒಲೆ ಅವನ ಕಣ್ಣ ಮುಂದೆ ಬಂತು, ಅದರಲ್ಲಿ ಒಂದು ಅವನದೇ. ಅತ್ತಿಗೆ ಅವತ್ತು ಅನುಮಾನಪಟ್ಟು ಕೇಳಿದ ಮಾತೂ ನೆನಪಾಯಿತು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಅವನು ಸಹಿ ಹಾಕಿದ.

ಸಂಜೆ ಮನೆಯಲ್ಲಿ ಅತ್ತಿಗೆ ಅವನಿಗೆ ಟೀ ತಂದುಕೊಟ್ಟು ಹೋಗದೆ ನಿಂತರು. ಆಫೀಸಿಗೆ ಕರೆದಿದ್ದರಂತಲ್ಲ ಎಂದರು.

"ನಾನು ಬರೆದದ್ದು ಓದಿದ್ರಾ?"

"ಓದಿದ್ರು."

"ಏನಂದ್ರು?"

ಕಂಟ್ರಾಕ್ಟರ್ ಲೋಟದೊಳಗೆ ನೋಡುತ್ತ, ನೋಡೋಣ ಅಂದರು ಎಂದ. ಅತ್ತಿಗೆಯ ಮುಖ ಅರಳಿತು. ನಿನ್ನನ್ನು ಕೇಳದೆ ಬರೆದೆ, ಬೇಜಾರಾಯಿತೇನೋ ಅಂದುಕೊಂಡಿದ್ದೆ, ಆ ಹುಡುಗಿ ಅಷ್ಟು ಒಳ್ಳೆಯ ಮಾತು ಹೇಳಿದಳಲ್ಲ, ಅದಕ್ಕೇ ಧೈರ್ಯ ಬಂತು ಎಂದರು. ನಾಳೆ ನಾಲ್ಕನೆಯ ಮಹಡಿ ಹಿಡಿಯೋಣ ಎಂದೂ ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅತ್ತಿಗೆ ಪಕ್ಕದಲ್ಲೇ ಕೂತಿದ್ದರು, ಆಗಲೂ ಅವನು ಸಹಿಯ ವಿಷಯ ಹೇಳಲಿಲ್ಲ. ಇನ್ನೊಂದು ನಿಲ್ದಾಣ ಹೋಗಲಿ, ಇನ್ನೊಂದು ಹೋಗಲಿ ಎನ್ನುವಷ್ಟರಲ್ಲಿ ಗೇಟು ಬಂದೇಬಿಟ್ಟಿತು.

ಸಾಲಿನಲ್ಲಿ ಅವನು ಮುಂದೆ, ಗುಂಪಿನವರು ಹಿಂದೆ, ಕೊನೆಗೆ ಅತ್ತಿಗೆ. ಎಲ್ಲರಿಗೂ ಹಸಿರು ದೀಪ ಹತ್ತಿತು. ಅತ್ತಿಗೆ ಕಾರ್ಡು ಇಟ್ಟಾಗ ಕೆಂಪು ಹತ್ತಿ ಗೇಟಿನ ಅಡ್ಡ ಸರಳು ಕದಲಲಿಲ್ಲ. ಕಾವಲಿನವನು ಇನ್ನೊಂದು ಸಲ ಇಡಿ ಎಂದ. ಮತ್ತೆ ಕೆಂಪು. ಅವರು ಕಾರ್ಡನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು.

"ಪುಟ್ಟಿ ಮೆತ್ತಿಕೊಂಡಿದೆ, ಅದಕ್ಕೇ ಹಿಡೀತಿಲ್ಲ. ನೀನು ನಡಿಯಪ್ಪ, ಬಂದೆ."

ಅವನು ಸರಳಿನ ಈಚೆ ನಿಂತೇ ಇದ್ದ. ಅತ್ತಿಗೆ ಹಿಂದಿನವರಿಗೆ ದಾರಿ ಬಿಟ್ಟು ಒಂದು ಪಕ್ಕಕ್ಕೆ ಸರಿದರು. ಕಾರ್ಡನ್ನು ಅಂಗಿಯ ತೋಳಿಗೆ ಎರಡು ಸಲ ಒರೆಸಿ, ತಮ್ಮ ಫೋಟೋಗೆ ಗೀರು ಬೀಳದ ಹಾಗೆ, ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆಯತೊಡಗಿದರು.